ಮೂರು ತಾಲೂಕಿನ ಮಣ್ಣಿಗೆ ಚಹಾ ಕುಡಿಸಿದ್ದು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ, ಈ ಮೂರೂ ತಾಲೂಕಿನ ಮಣ್ಣಿಗೆ ಹಸಿವೆಷ್ಟು ಎಂಬುದನ್ನು ನಾನೊಬ್ಬಳೇ ಅಳೆದು ಜಗತ್ತಿನ ಮುಂದಿಡುತ್ತೇನೆ ಎಂದು ಕಳೆದ ವರ್ಷ ಘೋರ ಪ್ರತಿಜ್ಞೆ ಮಾಡಿದೆ! ಮಾಡಿದ್ದು ಮಡಂತ್ಯಾರಿನ ನಮ್ಮ ಪ್ರೌಢಶಾಲೆಯ ಸ್ಟಾಫ್ ರೂಮಿನಲ್ಲಿ, ಬನ್ಸ್ ತಿನ್ನುತ್ತಾ. ಪುರಾಣದಲ್ಲಿ ಪ್ರತಿಜ್ಞೆ ಮಾಡಿದವರ ಮೇಲೆ ಹೂಮಳೆ ಸುರಿಯುತ್ತದೆ. ನನಗೆ ಕನ್ನಡ ಮೇಷ್ಟ್ರು ಶಿವಕೃಷ್ಣರು, "ಸಾಲಿಹಾ ಟೀಚರ್, ಸೀರೆಗೆ ಚಟ್ನಿ ಬೀಳ್ತಾ ಉಂಟು" ಎಂದರು.

ನಾನು ವಿಜ್ಞಾನದ ಟೀಚರ್. ಶಿಕ್ಷಕರ ಶಿಬಿರವೊಂದರಲ್ಲಿ ಈ ಹುಚ್ಚು ಹತ್ತಿತು. ಮರದಿಂದ ಬಿದ್ದ ಎಲೆಯನ್ನು ಮಣ್ಣು ನಿಧಾನವಾಗಿ ತಿಂದು ಗೊಬ್ಬರ ಮಾಡುತ್ತದಲ್ಲ, ಕಾಡಿನ ಮಣ್ಣು ಬೇಗ ತಿನ್ನುತ್ತದೋ, ಹೊಳೆಬದಿಯದೋ, ಕೆಂಪು ಮುರಕಲ್ಲಿನ ಗುಡ್ಡೆಯದೋ? ಅಳೆಯಲಿಕ್ಕೆ ಬೇಕಾದದ್ದು ಬರೀ ಟೀ ಬ್ಯಾಗ್! ಒಂದು ಹಸಿರು ಚಹಾದ್ದು, ಅದನ್ನು ಮಣ್ಣು ಗಬಗಬ ತಿನ್ನುತ್ತದೆ. ಇನ್ನೊಂದು ಆಫ್ರಿಕಾದ ಕೆಂಪು ಚಹಾ, ನಾರುನಾರು, ಜಗಿಯಲಿಕ್ಕೆ ಕಷ್ಟ. ಎರಡನ್ನೂ ತೂಗಿ, ಗೇಣಿಗಿಂತ ಕಡಿಮೆ ಆಳದಲ್ಲಿ ಹೂತು, ತೊಂಬತ್ತನೇ ದಿನ ತೆಗೆದು, ಒಣಗಿಸಿ, ಪುನಃ ತೂಗುವುದು. ಎಷ್ಟು ತೂಕ ಇಳಿಯಿತೋ ಅಷ್ಟು ಮಣ್ಣಿನ ಊಟ.

ತೊಂಬತ್ತು ದಿನ! ಶಿಬಿರದಲ್ಲಿ ಆ ಮಾತು ಕೇಳಿದಾಗ ಎಲ್ಲರೂ ನೋಟ್ಸ್ ಬರೆದುಕೊಂಡರು, ನನ್ನ ಪೆನ್ನು ಮಾತ್ರ ಅಲ್ಲೇ ನಿಂತಿತು. ನನ್ನ ಯಜಮಾನರು ಅಬ್ದುಲ್ ಮಜೀದ್ ಸೌದಿಯ ದಮ್ಮಾಮಿನಲ್ಲಿ ಗೋದಾಮಿನ ಮೇಲ್ವಿಚಾರಕರು. ಎರಡು ವರ್ಷಕ್ಕೊಮ್ಮೆ ನಲವತ್ತು ದಿನ ಬರುತ್ತಾರೆ. ಮದುವೆಯಾಗಿ ಹನ್ನೊಂದು ವರ್ಷವಾಯಿತು, ತೊಂಬತ್ತು ದಿನ ಒಟ್ಟಿಗೆ ಇದ್ದದ್ದು ಒಮ್ಮೆಯೂ ಇಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಆ ತೊಂಬತ್ತು ದಿನ ಬೇಕಿತ್ತು. ಆದ್ದರಿಂದ 'ಹೂತವರೇ ಹೊರಗೆ ತೆಗೆಯಬೇಕು' ಎಂಬ ನಿಯಮವೊಂದನ್ನು ನಾನೇ ಸೇರಿಸಿದೆ. ಜಾಗತಿಕ ವಿಜ್ಞಾನಕ್ಕೆ ನನ್ನ ಕೊಡುಗೆ ಅಷ್ಟೇ.

"ಬರುವಾಗ ಹಸಿರು ಚಾ ಇಪ್ಪತ್ತನಾಲ್ಕು, ಕೆಂಪು ಚಾ ಇಪ್ಪತ್ತನಾಲ್ಕು. ನೈಲಾನ್ ಬಲೆಯದ್ದೇ ಆಗಬೇಕು, ಕಾಗದದ್ದು ಬೇಡ" ಎಂದೆ ಫೋನಿನಲ್ಲಿ.

"ನಿನಗೆ ಎಂತ ಚಿನ್ನ ಬೇಡ್ವಾ? ಸೆಂಟು?"

"ಚಾ ಸಾಕು."

"ಹುಷಾರಿದ್ದಿಯಾ?" ಎಂದು ಅವರು ಎರಡು ಸಲ ಕೇಳಿದರು.

ತಂದರು. ಅಕ್ಟೋಬರಿನ ಒಂದು ಶುಕ್ರವಾರ ಬೆಳಿಗ್ಗೆ ಬಂದಿಳಿದರು. ನನಗೆ ಶಾಲೆಯಲ್ಲಿ ಇನ್‌ಸ್ಪೆಕ್ಷನ್, ರಜೆ ಸಿಗಲಿಲ್ಲ. ನಮ್ಮಲ್ಲಿ ಗಲ್ಫಿನ ಪೆಟ್ಟಿಗೆ ಬಿಚ್ಚುವುದೆಂದರೆ ಒಂದು ಸಂಪ್ರದಾಯ. ಸುದ್ದಿ ತಿಳಿದ ನೆಂಟರೆಲ್ಲ ಬಂದು ಕೂರುತ್ತಾರೆ, ಮನೆಯ ಹಿರಿಯರು ಒಂದೊಂದೇ ಸಾಮಾನು ತೆಗೆದು ಪಾಲು ಹಾಕುತ್ತಾರೆ. ಸಂಜೆ ನಾನು ಬಂಟ್ವಾಳದ ಮನೆಗೆ ಓಡಿ ಬರುವಾಗ ಪೆಟ್ಟಿಗೆಯ ತಳದಲ್ಲಿ ಒಂದು ಟವೆಲು ಮಾತ್ರ ಇತ್ತು.

"ಮಾಮಿ, ಚಾ ಎಲ್ಲಿ?" ಎಂದೆ. ನಮ್ಮ ಮನೆಮಾತು ಬ್ಯಾರಿ, ನಿಮಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅಂದು ನಾನು ಮನಸ್ಸಿನಲ್ಲೇ ಆಡಿದ ಮಾತುಗಳನ್ನು ಮಾತ್ರ ಅನುವಾದಿಸುವುದಿಲ್ಲ.

ಅತ್ತೆ ಸಫಿಯಮ್ಮ ಸಂತೃಪ್ತಿಯಿಂದ ಹೇಳಿದರು: "ಹಂಚಿದೆ. ಅಳದಂಗಡಿಯ ಉಝ್ಮಾನಿಗೆ ಹದಿನಾರು, ಮೂಡುಬಿದಿರೆಯ ಮೂಸಾನಿಗೆ ಹದಿನಾರು. ಅಲ್ಲಿಗಿಲ್ಲಿಗೆ ಹನ್ನೆರಡು. ನಮಗೆ ನಾಲ್ಕು ಇಟ್ಟಿದ್ದೇನೆ. ಯಾರಿಗೂ ಬೇಸರ ಆಗ್ಬಾರ್ದಲ್ಲ!"

"ಅದು ಪ್ರಯೋಗಕ್ಕೆ! ವಾಪಸ್ ತನ್ನಿ!"

"ಕೊಟ್ಟದ್ದನ್ನು ವಾಪಸ್ ಕೇಳುವುದಾ? ಇನ್ನು ಅವರ ಮುಖ ನೋಡ್ಬೇಕಾ ಬೇಡ್ವಾ ನಾನು?"

ನಾನು ಕಣ್ಣೀರಿನ ಅಂಚಿಗೆ ಬಂದಿದ್ದೆ. ಮಜೀದ್ ತಲೆ ಕೆರೆದುಕೊಂಡು, "ವಾಪಸ್ ಕೇಳುವುದು ಬೇಡ ಮಾರಾಯ್ತಿ. ಅವರವರ ಮನೆಗೇ ಹೋಗಿ, ಅವರವರ ಚಾ ಅವರವರ ಜಾಗದಲ್ಲೇ ಹೂಳುವ" ಎಂದರು. ನನ್ನ ಗಂಡ ಇಷ್ಟು ಬುದ್ಧಿವಂತರೆಂದು ತಿಳಿಯಲು ಹನ್ನೊಂದು ವರ್ಷ ಬೇಕಾಯಿತು! ಬೆಳ್ತಂಗಡಿ ತಾಲೂಕಿನ ಅಳದಂಗಡಿಯಲ್ಲಿ ಕಾಡಿನ ಅಂಚು, ಮೂಡುಬಿದಿರೆಯಲ್ಲಿ ಮುರಕಲ್ಲಿನ ಗುಡ್ಡೆ, ನಮ್ಮ ಮನೆಯ ಹಿಂದೆ ನೇತ್ರಾವತಿ. ಮೂರು ಬಗೆಯ ಮಣ್ಣನ್ನು ಅತ್ತೆಯೇ ಆರಿಸಿ ಕೊಟ್ಟಂತಾಯಿತು.

ಭಾನುವಾರ ಸ್ಕೂಟರಿನಲ್ಲಿ ಹೊರಟೆವು. ತೂಗಲಿಕ್ಕೆ ಬಿ.ಸಿ.ರೋಡಿನ ಚಿನ್ನದಂಗಡಿಯ ಅಝೀಮನಿಂದ ಸಣ್ಣ ತಕ್ಕಡಿ ಎರವಲು ತಂದಿದ್ದೆ. ದಾರಿಯುದ್ದಕ್ಕೂ ಮಜೀದರ ಹೆಗಲಿಗೆ ಗಲ್ಲ ಇಟ್ಟು ಕೂತಿದ್ದೆ. ಗಂಡ ಊರಿಗೆ ಬಂದರೂ ನೆಂಟರು, ಮದುವೆ, ಆಸ್ಪತ್ರೆ, ರೇಷನ್ ಕಾರ್ಡ್ ಎಂದು ಹಂಚಿ ಹೋಗುತ್ತಾರೆ, ನನ್ನ ಪಾಲಿಗೆ ಬರುವುದು ಅರ್ಧಂಬರ್ಧ. ಅಳದಂಗಡಿ ಇನ್ನೂ ಐವತ್ತು ಕಿಲೋಮೀಟರ್ ದೂರ ಇರಬಾರದಿತ್ತೇ ಎಂದು ಆಸೆಯಾಯಿತು.

ಅಳದಂಗಡಿಯ ಉಝ್ಮಾ ಮಜೀದರ ತಂಗಿ. ನನ್ನ ಚೀಲದಿಂದ ಚಿನ್ನದ ತಕ್ಕಡಿ ಹೊರಬಂದದ್ದೇ ಅವಳ ಮುಖ ಬೆಳಗಿತು. "ಅಣ್ಣ! ಬಳೆ ತಂದಿದ್ದಿಯಾ?" ತಕ್ಕಡಿಯ ಮೇಲೆ ಟೀ ಬ್ಯಾಗ್ ಕೂತಾಗ ಆ ಮುಖ ಮೋಡವಾಯಿತು. ಹೂಳಲಿಕ್ಕೆ ಎಂದು ಹೇಳಿದಾಗ ಮಳೆಯೇ ಬಂತು. "ನಾನು ಹಾಲು, ಏಲಕ್ಕಿ, ಶುಂಠಿ ಹಾಕಿ ಇಡೀ ಮನೆಗೆ ಕುಡಿಸಿದ್ದೇನೆ. ಕಷಾಯದ ಹಾಗೆ ಇತ್ತು, ಆದರೂ ಅಣ್ಣ ತಂದದ್ದು ಅಂತ ಕುಡಿದೆವು. ನೀವು ಹೊಂಡಕ್ಕೆ ಹಾಕ್ತೀರಾ?" ಅವಳನ್ನು ಸಮಾಧಾನ ಮಾಡಲು ನಾವೂ ತಲಾ ಎರಡು ಲೋಟ ಆ ಹಸಿರು ಪಾಯಸ ಕುಡಿದೆವು. ಉಳಿದದ್ದರಲ್ಲಿ ನಾಲ್ಕು ಬ್ಯಾಗು ತೂಗಿ ಹೂತು, ಗುರುತಿಗೆ ಕೋಲು ನೆಟ್ಟೆವು.

ಮೂಡುಬಿದಿರೆಯಲ್ಲಿ ಮೂಸಾ ಮಾಮ, ಅಂದರೆ ಅತ್ತೆಯ ತಮ್ಮ, ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದರು. ಎರಡೂ ಮೊಣಗಂಟಿಗೆ ನನ್ನ ಟೀ ಬ್ಯಾಗ್ ಕಟ್ಟಿದ್ದರು! "ಬಿಸಿನೀರಲ್ಲಿ ಅದ್ದಿ ಕಟ್ಟುವುದು. ಗಲ್ಫಿನ ಮದ್ದು ಅಂದರೆ ಮದ್ದು! ನಿನ್ನೆ ಮಸೀದಿಗೆ ನಡೆದೇ ಹೋದೆ ಗೊತ್ತುಂಟಾ?" ಚಹಾ ಎಂದು ಹೇಳಿ ಅವರ ಕಾಲನ್ನು ಪುನಃ ಕುಂಟಾಗಿಸಲು ನಮಗೆ ಧೈರ್ಯ ಬರಲಿಲ್ಲ. 'ಮಣ್ಣಿಗೂ ಗಂಟುನೋವು' ಎಂದು ಹೇಳಿ, ಬಳಸದ ನಾಲ್ಕನ್ನು ಬೇಡಿ ತಂದು ಗುಡ್ಡೆಯಲ್ಲಿ ಹೂತೆವು.

ಸಂಜೆ ನಮ್ಮ ಮನೆಯ ಹಿತ್ತಿಲಲ್ಲಿ ಕೊನೆಯ ನಾಲ್ಕು. ಮಜೀದ್ ಕೈಯಲ್ಲೇ ಮಣ್ಣು ಮುಚ್ಚಿದರು. ಅತ್ತೆ ಬಾವಿಕಟ್ಟೆಯಲ್ಲಿ ಮೀನು ತೊಳೆಯುತ್ತಿದ್ದರು.

"ಇನ್ನು ಯಾವಾಗ ತೆಗೆಯುವುದು?" ಎಂದು ಮಜೀದ್ ಕೇಳಿದರು.

"ತೊಂಬತ್ತು ದಿವಸ ಕಳೆದು. ಹೂತವರೇ ತೆಗೆಯಬೇಕು. ಪ್ರಯೋಗ ಮುಗಿಯುವವರೆಗೆ ನೀವು ಹೋಗುವ ಹಾಗಿಲ್ಲ."

"ನನ್ನ ರಜೆ ನಲವತ್ತು ದಿವಸ ಅಲ್ವಾ ಸಾಲಿಹಾ."

"ನನಗೆ ಗೊತ್ತುಂಟು."

ಅವರು ಕೈಯ ಮಣ್ಣು ಕೊಡವಿ ಎದ್ದರು. ಸೀದಾ ಒಳಗೆ ಹೋಗಿ ಮ್ಯಾನೇಜರಿಗೆ ಫೋನ್ ಮಾಡಿದರು. ಹಿಂದಿ, ಅರಬ್ಬಿ, ಇಂಗ್ಲಿಷು ಮೂರರಲ್ಲೂ 'ಮಣ್ಣು', 'ಚಹಾ', 'ವಿಜ್ಞಾನ' ಎಂದು ಅರ್ಧ ಗಂಟೆ ವಾದಿಸಿದರು. ವಿಜ್ಞಾನಕ್ಕೆ ಆ ಮ್ಯಾನೇಜರು ನಾಲ್ಕು ದಿನ ಕೊಟ್ಟ!

ನಲವತ್ತನಾಲ್ಕು ದಿನ ಮುಗಿಯಿತು. ಅವರು ಹೋದರು. ಹೋದ ಮೇಲೆ ಬೆಳಿಗ್ಗೆ ಎದ್ದು ನಾನು ಮೊದಲು ಮಾಡುತ್ತಿದ್ದದ್ದು ಹಿತ್ತಿಲಿಗೆ ಹೋಗಿ ಆ ಕೋಲಿನ ಹತ್ತಿರ ನಿಲ್ಲುವುದು. ಅವರ ಕೈ ಮುಟ್ಟಿದ ಮಣ್ಣು ಎಂದುಕೊಳ್ಳುತ್ತಿದ್ದೆ. ಕೆಳಗೆ ಚಹಾ ಕರಗುತ್ತಿದೆ, ನಾನೂ ಕರಗುತ್ತಿದ್ದೇನೆ ಎಂದು ಅನಿಸಿ ಒಂದೆರಡು ಸಲ ಅತ್ತದ್ದೂ ಉಂಟು. ನಗಬೇಡಿ.

ತೊಂಬತ್ತನೇ ದಿನ ಬಂತು. ನಮ್ಮ ನಿಯಮ ಮುರಿದು ನಾನೊಬ್ಬಳೇ ಮೂರೂ ಕಡೆ ಅಗೆದೆ. ಒಣಗಿಸಿದೆ. ತೂಗಿದೆ. ಹೌಹಾರಿದೆ! ಬಂಟ್ವಾಳದಲ್ಲಿ ತೂಕ ಒಂದು ಚೂರೂ ಇಳಿದಿಲ್ಲ. ಅಳದಂಗಡಿಯಲ್ಲೂ ಇಲ್ಲ. ಮೂಡುಬಿದಿರೆಯಲ್ಲೂ ಇಲ್ಲ! ಮೂರು ತಾಲೂಕಿನ ಮಣ್ಣೂ ತೊಂಬತ್ತು ದಿನ ಕಟ್ಟುನಿಟ್ಟಾಗಿ ಉಪವಾಸ ಮಾಡಿತ್ತು. ಜಗತ್ತಿನಲ್ಲೇ ಮೊದಲು! ತಡಮಾಡದೆ ಶಿಕ್ಷಕರ ವಾಟ್ಸಾಪ್ ಗುಂಪಿನಲ್ಲಿ ಘೋಷಿಸಿದೆ. ಮೂವತ್ತೊಂದು ಚಪ್ಪಾಳೆ ಬಿತ್ತು. ಬರುವ ಶನಿವಾರ ಸಭೆಯಲ್ಲಿ ಪ್ರಬಂಧ ಮಂಡಿಸಿ ಎಂದು ಕರೆ ಬಂತು. ಶಿವಕೃಷ್ಣರು ಮಾತ್ರ, "ಹಾಗಾದ್ರೆ ನಮ್ಮ ದನದ ಹಟ್ಟಿಯ ಸೊಪ್ಪು ಗೊಬ್ಬರ ಆಗುವುದು ಹೇಗೆ ಟೀಚರ್?" ಎಂದು ಕೇಳಿದರು. ಮಹಾನ್ ವಿಜ್ಞಾನಿಗಳಿಗೆಲ್ಲ ಇಂಥವರು ಎದುರಾಗಿದ್ದಾರೆ ಎಂದುಕೊಂಡು ವರದಿ ಬರೆಯಲು ಕೂತೆ.

ಶುಕ್ರವಾರ ಸಂಜೆ ಬ್ಯಾಗುಗಳನ್ನು ಡಬ್ಬಕ್ಕೆ ತುಂಬಿಸುವಾಗ ಮೂಗಿಗೆ ಏನೋ ಬಡಿಯಿತು. ಮೂಡುಬಿದಿರೆಯ ಬ್ಯಾಗು ನೋವಿನ ಮುಲಾಮಿನ ವಾಸನೆ ಹೊಡೆಯುತ್ತಿತ್ತು. ಅಳದಂಗಡಿಯದ್ದು ಏಲಕ್ಕಿ. ನಮ್ಮ ಹಿತ್ತಿಲಿನದ್ದು ಅತ್ತೆಯ ಕಪಾಟಿನ ನುಸಿಗುಳಿಗೆ!

"ಮಾಮಿ!" ಎಂದು ಕಿರುಚಿದೆ.

ಅತ್ತೆ ಮೆಲ್ಲಗೆ ಬಂದು ಹೊಸ್ತಿಲಲ್ಲಿ ಕೂತರು. "ಹೂತ ಮರುದಿವಸವೇ ನಾನು ತೆಗೆದು ಒಳಗಿಟ್ಟೆ. ಉಝ್ಮಾನಿಗೂ ಮೂಸಾನಿಗೂ ಫೋನ್ ಮಾಡಿ ತೆಗೆಯಲಿಕ್ಕೆ ಹೇಳಿದೆ. ನೀನು ಅಗೆಯುವ ಮುನ್ನಾ ದಿವಸ ಪುನಃ ಹಾಕಿದ್ದು."

ಅಂದರೆ ಇಷ್ಟು ದಿನ ನಾನು ಅತ್ತದ್ದು ಬರೀ ಕೋಲಿನ ಎದುರು! "ಯಾಕೆ ಮಾಮಿ? ನನ್ನ ಮಾನ ಹೋಯ್ತಲ್ಲ!"

"ನೀನೇ ಅವನ ಹತ್ರ ಹೇಳಿದ್ದಲ್ವಾ, ಪ್ರಯೋಗ ಮುಗಿಯುವವರೆಗೆ ಹೋಗುವ ಹಾಗಿಲ್ಲ ಅಂತ? ಮಣ್ಣು ಚಾ ತಿಂದರೆ ಪ್ರಯೋಗ ಮುಗೀತದೆ. ತಿನ್ನದಿದ್ದರೆ ಅವನು ಇಲ್ಲೇ ಇರ್ತಾನೆ ಅಂತ ಗ್ರಹಿಸಿದೆ." ಅತ್ತೆ ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡರು. "ಆದರೂ ಹೋದ. ಮುಗಿಯದೆ ಬಾಕಿ ಉಳಿದರೆ, ಮುಗಿಸ್ಲಿಕ್ಕಾದ್ರೂ ಬೇಗ ಬಂದಾನು ಅಂತ ಹಾಗೇ ಇಟ್ಟೆ."

ಬೈಯಲು ಬಾಯಿ ತೆರೆದವಳು ಹಾಗೇ ಅವರ ಪಕ್ಕದಲ್ಲಿ ಕೂತುಬಿಟ್ಟೆ. ಹನ್ನೊಂದು ವರ್ಷದಲ್ಲಿ ದಿನ ಎಣಿಸುತ್ತಿರುವವಳು ನಾನೊಬ್ಬಳೇ ಎಂದು ತಿಳಿದಿದ್ದೆನಲ್ಲ! ನಾವಿಬ್ಬರೂ ಆ ಸಂಜೆ ಒಂದಿಷ್ಟು ಅತ್ತೆವು, ಆಮೇಲೆ ಮೂಸಾ ಮಾಮನ ಮೊಣಗಂಟು ನೆನಪಾಗಿ ನಕ್ಕೆವು.

ಶನಿವಾರದ ಸಭೆಗೆ ವರದಿಯನ್ನು ತಿದ್ದಿ ಬರೆಯಬೇಕಾಯಿತು. ನಮೂನೆಯಲ್ಲಿ 'ಪ್ರಯೋಗ ವಿಫಲವಾಗಲು ಕಾರಣ' ಎಂದು ಒಂದು ಗೆರೆ ಖಾಲಿ ಬಿಟ್ಟಿದ್ದರು. ದೊಡ್ಡ ಅಕ್ಷರದಲ್ಲಿ 'ಅತ್ತೆ' ಎಂದು ಬರೆದೆ. ಆಮೇಲೆ ಅದನ್ನು ಹೊಡೆದುಹಾಕಿ, 'ನಾವಿಬ್ಬರೂ' ಎಂದು ಬರೆದೆ.