ಮಂಗೋಲಿಯಾಕ್ಕೆ ಒಂದು ಲೋಟ ಹಾಲು

ಏನೇನೆಲ್ಲ ಆಗಬಹುದಿತ್ತು! ಕುದುರೆ ನನ್ನನ್ನು ಒದೆಯಬಹುದಿತ್ತು. ಕಂಬಳಿಯ ಗುಡಾರ ಸಂಘದ ಅಧ್ಯಕ್ಷರ ಮೇಲೆ ಕುಸಿದು, ಅವರನ್ನು ಕಾಲು ಹಿಡಿದು ಹೊರಗೆಳೆಯಬೇಕಾಗಬಹುದಿತ್ತು. ಉಪ್ಪು ಹಾಕಿದ ಟೀ ಕುಡಿದು ಇಡೀ ಬೀದಿಗೆ ವಾಂತಿಯಾಗಬಹುದಿತ್ತು. ಮಾತಿನ ಮಧ್ಯೆ ಕರೆಂಟು ಹೋಗಬಹುದಿತ್ತು. ಹೋಗದೆಯೂ ಇರಬಹುದಿತ್ತು, ಆಗ ನಾನು ಕೊನೆಯವರೆಗೂ ಮಾತಾಡಬೇಕಾಗುತ್ತಿತ್ತು. ಮಂಗೋಲಿಯಾ ನೋಡಿ ಬಂದವರು ಯಾರಾದರೂ ಸಭೆಯಲ್ಲಿ ಎದ್ದು ನಿಂತು "ಸುಳ್ಳು!" ಎನ್ನಬಹುದಿತ್ತು. ತುಮಕೂರಿನಲ್ಲಿ ಅಂಥವರು ಯಾರೂ ಇಲ್ಲವೆಂದು ನನ್ನ ಹೆಂಡತಿ ಸರೋಜ ಆಣೆ ಮಾಡಿ ಹೇಳಿದಳು. ನನಗೆ ಧೈರ್ಯ ಬರಲಿಲ್ಲ. ಗುಬ್ಬಿಯಲ್ಲಿ ಇದ್ದರೆ?

ಬಸ್ಸು ಸ್ಟಾರ್ಟ್ ಆಗುವ ಮೊದಲೇ ಅದರ ಬ್ರೇಕಿನ ಬಗ್ಗೆ ಚಿಂತಿಸುವವನು ನಾನು. ಇಂಥವನು ಒಂದು ಇಡೀ ದೇಶವನ್ನು ಜನರಿಗೆ ಪರಿಚಯಿಸಲು ಒಪ್ಪಿಕೊಂಡದ್ದು ಎದುರು ಮನೆಯ ಸಿದ್ದಲಿಂಗಪ್ಪ ಮೇಷ್ಟ್ರಿಂದಾಗಿ.

ಎಂಬತ್ತರ ದಶಕದ ಶುರು ಅದು. ನಮ್ಮ ಬೀದಿಗೆ ಇನ್ನೂ ಟಿವಿ ಬಂದಿರಲಿಲ್ಲ. ಪ್ರಪಂಚವನ್ನು ನಮಗೆ ಮೇಷ್ಟ್ರೇ ತೋರಿಸಬೇಕಿತ್ತು. ಗುಬ್ಬಿಯ ಒಂದು ಶಾಲೆಯಲ್ಲಿ ಭೂಗೋಳ ಪಾಠ ಮಾಡಿ ರಿಟೈರಾದ ಅವರು, ಬಡಾವಣೆ ಸಂಘದ ಕೊಠಡಿಯಲ್ಲಿ ತಿಂಗಳಿಗೊಂದು ದೇಶದ ಬಗ್ಗೆ ಮಾತಾಡುತ್ತಿದ್ದರು. ಜಪಾನು, ಈಜಿಪ್ಟು ಎಲ್ಲ ಮುಗಿದಿದ್ದವು. ತಮಗೆ ಎಲ್ಲಕ್ಕಿಂತ ಇಷ್ಟವಾದ ಮಂಗೋಲಿಯಾವನ್ನು ಹಬ್ಬದ ಊಟದಲ್ಲಿ ಹೋಳಿಗೆಯನ್ನು ಬದಿಗಿಟ್ಟುಕೊಂಡಂತೆ ಉಳಿಸಿಕೊಂಡಿದ್ದರು.

"ಸುತ್ತ ನೆಲ ಕಣಯ್ಯ," ಎನ್ನುತ್ತಿದ್ದರು. "ಒಂದು ಕಡೆ ರಷ್ಯಾ, ಒಂದು ಕಡೆ ಚೀನಾ. ಸಮುದ್ರ ಅನ್ನೋದೇ ಇಲ್ಲ. ನಾನೂ ಸಮುದ್ರ ನೋಡ್ಲಿಲ್ಲ, ಅದೂ ನೋಡ್ಲಿಲ್ಲ. ನಮ್ಮಿಬ್ಬರ್ದೂ ಒಂದೇ ಜಾತಕ."

ಮಂಗೋಲಿಯಾದ ಸರದಿ ಬರುವಷ್ಟರಲ್ಲಿ ಮೇಷ್ಟ್ರ ಗಂಟಲಿನಲ್ಲಿ ಒಂದು ಗಂಟು ಬಂತು. ಸ್ವರ ಹೋಯಿತು. ಬೆಂಗಳೂರಿನಲ್ಲಿ ಆಪರೇಷನ್ ಆಗಬೇಕೆಂದರು. ಆಮೇಲೆ ಸ್ವರ ಬರುತ್ತದೆಯೇ ಎಂದು ಕೇಳಿದರೆ ಡಾಕ್ಟರು ಬೇರೆ ವಿಷಯ ಮಾತಾಡಿದರಂತೆ. ಮೇಷ್ಟ್ರು ಕುತ್ತಿಗೆಗೆ ಟವೆಲ್ ಸುತ್ತಿಕೊಂಡು, ಕೈಯಲ್ಲಿ ಸ್ಲೇಟು ಬಳಪ ಹಿಡಿದರು. ಒಂದು ಸಂಜೆ ನನ್ನನ್ನು ಕರೆದು ಅದರ ಮೇಲೆ ಬರೆದರು: "ಮಂಗೋಲಿಯಾ ನೀನು ಹೇಳು. ಹೋಗೋ ಮುಂಚೆ ಒಂದ್ಸಲ ಕೇಳ್ಬೇಕು."

"ಮೇಷ್ಟ್ರೇ, ಆಫೀಸಲ್ಲಿ ರಜಾ ಕೇಳೋಕೇ ನನ್ನ ಬಾಯಿ ಒಣಗುತ್ತೆ!"

ಅವರು ಒರೆಸಿ ಬರೆದರು: "ನಂದು ಒಣಗೇ ಹೋಯ್ತು."

ಒಪ್ಪಿಕೊಂಡೆ.

ಒಪ್ಪಿಕೊಂಡ ಮೇಲೆ ಅಧ್ಯಕ್ಷರು, "ಆ ದೇಶ ಅಂದ್ರೇ ಕುದ್ರೆ ಕಣ್ರೀ. ಒಂದು ಕುದ್ರೆ ತಂದ್ಬಿಡಿ, ಜನ ಬರ್ತಾರೆ," ಎಂದು ಅಪ್ಪಣೆ ಕೊಡಿಸಿದರು. ಕುಣಿಗಲ್ಲಿನ ಕುದುರೆ ಫಾರಂ ಕಡೆ ಹೋದೆ. ಬೇಲಿಯಾಚೆ ಒಂದು ಕುದುರೆ ನಿಂತಿತ್ತು. ಅದು ನನ್ನನ್ನು ನೋಡಿತು. ನಾನು ಅದನ್ನು ನೋಡಿದೆ. ಮುಂದಿನ ಬಸ್ಸಿಗೆ ವಾಪಸ್ಸು ಬಂದೆ.

ಕುದುರೆ ಇಲ್ಲದಿದ್ದರೆ ಉಡುಪಾದರೂ ಇರಲಿ ಎಂದು ನಾಟಕದ ಡ್ರೆಸ್ ಬಾಡಿಗೆಗೆ ಕೊಡುವವರನ್ನು ಹುಡುಕಿಕೊಂಡು ಗುಬ್ಬಿಗೆ ಹೋದೆ.

"ಮಂಗೋಲಿಯಾನಾ?" ಅಂಗಡಿಯವನು ತಲೆ ಕೆರೆದುಕೊಂಡ. "ಆ ನಾಟ್ಕ ಈ ಕಡೆ ಯಾರೂ ಆಡಿಲ್ಲ ಸ್ವಾಮಿ. ಮಂತ್ರೀದು ಐತೆ, ರಾಕ್ಷಸಂದು ಐತೆ."

ಮಂತ್ರಿಯದು ಬಿಗಿಯಾಯಿತು. ಉಳಿದದ್ದನ್ನು ತಂದೆ.

ಗುಡಾರದ ಜವಾಬ್ದಾರಿ ಹಾಸಿಗೆ ಹೊಲಿಯುವ ಸತ್ತಾರ್ ಸಾಬರದು. ಹೆಬ್ಬೂರಿನ ನೆಂಟರಿಂದ ಎರವಲು ತಂದ ಕಂಬಳಿಗಳನ್ನು ಬಿದಿರಿನ ಗಳುಗಳ ಮೇಲೆ ದುಂಡಗೆ ಹೊದಿಸಿ, ಸಾಬರು ಒಳಗೆ ಇಣುಕಿ ನೋಡಿದರು. "ಮನೆ ಚೆನ್ನಾಗೈತೆ ಬುಡಿ ಸಾಮಿ. ಆದ್ರೆ ಸೀನ್ಬೇಡಿ."

ಟೀ ವಿಚಾರಕ್ಕೆ ಮನೆಯಲ್ಲಿ ಯುದ್ಧವೇ ಆಯಿತು.

"ರೀ, ಟೀಗೆ ಉಪ್ಪು ಹಾಕಿ ಕೊಟ್ರೆ ನಾಳೆಯಿಂದ ಬೀದಿ ನಲ್ಲೀಲಿ ನಂಗೆ ಒಂದು ಕೊಡ ನೀರು ಹಿಡಿಯೋಕೆ ಬಿಡ್ತಾರೇನ್ರೀ?"

"ಅಲ್ಲಿಯ ಪದ್ಧತಿ ಕಣೇ ಅದು!"

"ಅಲ್ಲಿಯೋರಿಗೆ ನಮ್ಮ ನಲ್ಲಿ ಗೊತ್ತಿಲ್ಲ."

ಅಂತೂ ಆ ಸಂಜೆ ರಾಕ್ಷಸನ ಅಂಗಿ ತೊಟ್ಟು ಎದ್ದು ನಿಂತೆ. ಮೊದಲ ಸಾಲಿನಲ್ಲಿ ಮೇಷ್ಟ್ರು ಸ್ಲೇಟನ್ನು ಮಡಿಲಲ್ಲಿಟ್ಟುಕೊಂಡು ಪರೀಕ್ಷೆಯ ದಿನದ ಮಗುವಿನಂತೆ ಕೂತಿದ್ದರು. ನನ್ನನ್ನು ಕಂಡವರೇ ಬರೆದು ಎತ್ತಿ ಹಿಡಿದರು: "ಯಾರು?" ಸಭೆ ನಕ್ಕಿತು. ಆ ನಗುವಿನಲ್ಲಿ ನನ್ನ ಭಯ ಸ್ವಲ್ಪ ಕರಗಿತು.

ಅಲ್ಲಿಯ ಜನ ಹುಲ್ಲು ಹುಡುಕಿಕೊಂಡು ಕುರಿ, ಕುದುರೆಗಳ ಜೊತೆ ಊರೂರು ತಿರುಗುತ್ತಾರೆ, ಮನೆಯನ್ನೂ ಬಿಚ್ಚಿ ಹೇರಿಕೊಂಡು ಹೋಗುತ್ತಾರೆ ಎಂದೆ. ಸರಿಯಾಗಿ ಆಗಲೇ ನನ್ನ ಹಿಂದಿನ ಗುಡಾರ ನಿಟ್ಟುಸಿರುಬಿಟ್ಟು ಕೂತುಬಿಟ್ಟಿತು. ಒಳಗೆ ಯಾರೂ ಇರಲಿಲ್ಲ. ಅದೂ ಪ್ರದರ್ಶನದ ಭಾಗವೆಂದು ತಿಳಿದು ಜನ ಚಪ್ಪಾಳೆ ತಟ್ಟಿದರು! ಹೊಸಿಲು ತುಳಿಯಬಾರದು ಎಂಬುದು ಅಲ್ಲೂ ಇದೆ ಎಂದಾಗ ಹೆಂಗಸರೆಲ್ಲ "ಅಯ್ಯೋ, ನಮ್ಮೋರೇ ಬಿಡಿ," ಎಂದರು. ಟೀ ಬಂತು. "ಏನ್ ಸಾರ್, ಮಂಗೋಲಿಯಾ ಟೀ ಥೇಟ್ ನಮ್ಮ ಟೀ ಇದ್ದಂಗೇ ಇದೆ!" ಎಂದು ಅಧ್ಯಕ್ಷರು ಇನ್ನೊಂದು ಲೋಟ ಕೇಳಿದರು. ಸರೋಜ ಕಿಟಕಿಯಾಚೆ ನೋಡುತ್ತಿದ್ದಳು. ಉಪ್ಪಿನ ಡಬ್ಬಿ ಮನೆಯಿಂದ ಹೊರಟೇ ಇರಲಿಲ್ಲ.

ಕೊನೆಯಲ್ಲಿ ಮೇಷ್ಟ್ರು ತಪ್ಪದೆ ಹೇಳಬೇಕೆಂದಿದ್ದ ಮಾತು ಹೇಳಿದೆ. "ಅಲ್ಲಿ ಮನೆಯವರು ಯಾರಾದರೂ ದೂರ ಹೊರಟರೆ, ತಾಯಿಯಾದವಳು ಅವರ ಹಿಂದೆಯೇ ನೆಲಕ್ಕೆ ಹಾಲು ಚಿಮುಕಿಸುತ್ತಾಳೆ. ದಾರಿ ಸುಖವಾಗಲಿ, ಹೋದವರು ಕ್ಷೇಮವಾಗಿ ಬರಲಿ ಎಂದು."

ನಮ್ಮ ಕಡೆ ಹಾಲನ್ನು ನೆಲಕ್ಕೆ ಬಿಡುವುದು ಒಂದೇ ಸಲ. ಮಣ್ಣಾದ ಮೂರನೇ ದಿನ, ಸಮಾಧಿಯ ಮೇಲೆ.

ಬೀದಿಗೆಲ್ಲ ಹಿರಿಯರಾದ ಗೌರಮ್ಮಜ್ಜಿ ಎದ್ದೇಬಿಟ್ಟರು. "ಬಿಡ್ತು ಅನ್ನು! ಹಾಲು ನೆಲಕ್ಕೆ ಬುಡೋದು ಸತ್ತೋರ್ಗೆ ಕಣಪ್ಪಾ, ಊರಿಗೆ ಹೊರಟೋರ್ಗಲ್ಲ! ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಹೊರಡೋರ್ನ ಮುಂದೆ ಕೂರಿಸ್ಕೊಂಡು ಇಂಥ ಮಾತಾಡ್ತಾರೇನ್ಲಾ?"

"ಬಿಡ್ತು," ಎಂದೆ. ರಾಕ್ಷಸನ ಅಂಗಿಯೊಳಗೆ ಬೆವರು ಇಳಿಯಿತು. ಮೇಷ್ಟ್ರು ಮಾತ್ರ ಸದ್ದಿಲ್ಲದೆ ಭುಜ ಕುಣಿಸಿ ನಗುತ್ತಿದ್ದರು. ಎಲ್ಲರೂ ಹೋದ ಮೇಲೆ ನನ್ನನ್ನು ನಿಲ್ಲಿಸಿ ಸ್ಲೇಟು ತೋರಿಸಿದರು. "ಚೆನ್ನಾಗಿ ಹೇಳಿದೆ. ನಾಳೆ ನನ್ನ ಹಿಂದೆ ಹಾಲು ಹಾಕ್ತೀಯಾ?" ತುಟಿಯಲ್ಲಿ ನಗು ಇತ್ತು. ಕಣ್ಣಿನಲ್ಲಿ ನಗು ಇರಲಿಲ್ಲ.

"ಹಾಕ್ತೀನಿ ಮೇಷ್ಟ್ರೇ," ಎಂದೆ. ಅವರು ನನ್ನ ಕೈಯನ್ನು ಒತ್ತಿದರು.

ಬೆಳಿಗ್ಗೆ ಸರೋಜಳಿಂದ ಒಂದು ಲೋಟ ಹಾಲು ಕೇಳಿ ತೆಗೆದುಕೊಂಡು ಹೊರಟೆ. ಯಾತಕ್ಕೆಂದು ಹೇಳುವ ಧೈರ್ಯವಾಗಲಿಲ್ಲ. ಬಾಡಿಗೆ ಅಂಬಾಸಿಡರ್ ಸುತ್ತ ಬೀದಿಯೇ ನೆರೆದಿತ್ತು. ಮೇಷ್ಟ್ರು ಹಿಂದಿನ ಸೀಟಿನಲ್ಲಿ ಕೂತು ನನ್ನ ಕಡೆಗೇ ನೋಡುತ್ತಿದ್ದರು. ಪಕ್ಕದಲ್ಲಿ ಅವರ ಹೆಂಡತಿ ಪಾರ್ವತಮ್ಮನವರು. ಕಾರಿಗೂ ನನಗೂ ನಡುವೆ ಗೌರಮ್ಮಜ್ಜಿ.

"ಏನ್ಲಾ ಅದು, ಲೋಟದಾಗೆ?"

"ಹಾಲು."

ಬೀದಿಯವರೆಲ್ಲ ಒಂದು ಹೆಜ್ಜೆ ಮುಂದೆ ಬಂದರು.

"ಯಾತಕ್ಕೆ?"

"ಕು... ಕುಡಿಯೋಕೆ."

"ಅವ್ರು ಏನೂ ಕುಡಿಯಂಗಿಲ್ವಂತೆ ಕಣಪ್ಪ," ಎಂದರು ಪಾರ್ವತಮ್ಮನವರು ಕಾರಿನೊಳಗಿಂದ. "ಬರೀ ಹೊಟ್ಟೇಲಿ ಬರಬೇಕು ಅಂದವ್ರೆ ಡಾಕ್ಟ್ರು."

"ಹಂಗಾರೆ ಯಾರ್ಗೆ?" ಅಜ್ಜಿ ಬಿಡಲಿಲ್ಲ.

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಇಂಥ ಗಳಿಗೆಯಲ್ಲಿ ಧೈರ್ಯವಂತರು ಏನು ಮಾಡುತ್ತಾರೋ ನನಗೆ ಗೊತ್ತಿಲ್ಲ.

"ನನಗೇ," ಎಂದೆ. ಎಂದವನು ನಡುಬೀದಿಯಲ್ಲಿ ನಿಂತು, ನಲವತ್ತು ದಾಟಿದ ಗೃಹಸ್ಥ, ಒಂದೇ ಉಸಿರಿಗೆ ಗಟಗಟನೆ ಕುಡಿದುಬಿಟ್ಟೆ!

ಅಷ್ಟರಲ್ಲಿ ಅಜ್ಜಿಯ ಅಗಲವಾದ ಬೆನ್ನಿನಾಚೆ ಕಾರು ಹೊರಟಿತ್ತು. ತಿರುವಿನಲ್ಲಿ ಹಿಂದಿನ ಗಾಜಿಗೆ ಸ್ಲೇಟು ಒತ್ತಿ ಹಿಡಿದದ್ದು ಕಂಡಿತು. "ಆಯ್ತಾ?"

ನಾನು ಖಾಲಿ ಲೋಟವನ್ನು ಎತ್ತಿ, ಬೋರಲು ಮಾಡಿ ತೋರಿಸಿದೆ.

ಮೇಷ್ಟ್ರ ಮುಖ ಅರಳಿತು. ಕೈ ಎತ್ತಿ ಮುಗಿದರು. ನೆಮ್ಮದಿಯಾಗಿ ಹಿಂದಕ್ಕೆ ಒರಗಿಕೊಂಡರು. ಕಾರು ಬೆಂಗಳೂರು ರಸ್ತೆ ಹಿಡಿಯಿತು.

ವಾಪಸ್ಸು ಬಂದಾಗ ಅವರನ್ನು ಇಳಿಸಲು ನಾಲ್ಕು ಜನ ಬೇಕಾದರು.

ಮೂರನೇ ದಿನ ಸಮಾಧಿಯ ಹತ್ತಿರ ಗೌರಮ್ಮಜ್ಜಿಯೇ ಹಾಲಿನ ಲೋಟವನ್ನು ನನ್ನ ಕೈಗೆ ಕೊಟ್ಟರು. "ಬುಡಪ್ಪಾ, ನೀನೂ ಒಂದೀಟು ಬುಡು," ಎಂದರು ಕಣ್ಣೊರೆಸಿಕೊಂಡು. ಬಿಟ್ಟೆ. ಒಣ ಮಣ್ಣು ಕ್ಷಣದಲ್ಲಿ ಕುಡಿದುಬಿಟ್ಟಿತು. ಅವತ್ತು ಯಾರೂ ಏನೂ ಅನ್ನಲಿಲ್ಲ.

ಡಾಕ್ಟರ ಕೈಯಲ್ಲಿ ಆಗದ್ದು ಲೋಟ ಹಾಲಿನಿಂದ ಆಗುತ್ತಿತ್ತೇ ಎಂದು ಸರೋಜ ಕೇಳುತ್ತಾಳೆ. ಆಗುತ್ತಿರಲಿಲ್ಲ, ಅಷ್ಟು ನನಗೂ ಗೊತ್ತು. ಲೆಕ್ಕ ಹಾಕಿದರೆ, ನಾನು ಹೆದರಿದ ಯಾವ ಅನಾಹುತವೂ ಆಗಲೇ ಇಲ್ಲ. ಕುದುರೆ ಒದೆಯಲಿಲ್ಲ, ಕರೆಂಟು ಹೋಗಲಿಲ್ಲ, ಗುಬ್ಬಿಯಿಂದ ಯಾರೂ ಎದ್ದು ಬರಲಿಲ್ಲ. ಆದದ್ದು ಒಂದೇ ಒಂದು ಸಣ್ಣ ಎಡವಟ್ಟು. ದಾರಿಗೆ ಸೇರಬೇಕಾದ ಒಂದು ಲೋಟ ಹಾಲು ನನ್ನ ಹೊಟ್ಟೆಗೆ ಸೇರಿತು.

ಮೇಷ್ಟ್ರಿಗೆಂದುಕೊಂಡು ಸರೋಜ ಅದಕ್ಕೆ ಸಕ್ಕರೆ ಬೇರೆ ಹಾಕಿದ್ದಳು.