ಇಂಟರ್‌ವ್ಯೂಗೆ ಹೋಗಿ ಉಡಿ ತುಂಬಿಸಿಕೊಂಡದ್ದು

ಗಂಡಸಿನ ಕೆಲಸ ಹೋದರೆ ಮನೆಯವರೆಲ್ಲ ಸೇರಿ ಅವನಿಗೆ ಇನ್ನೊಂದು ಕೆಲಸ ಹುಡುಕುತ್ತಾರೆ. ಹೆಂಗಸಿನ ಕೆಲಸ ಹೋದರೆ ಅದೇ ಮನೆಯವರು ಅದೇ ಉತ್ಸಾಹದಿಂದ ಅವಳಿಗೊಬ್ಬ ಗಂಡನನ್ನು ಹುಡುಕುತ್ತಾರೆ. ಕೆಲಸ ಕಳೆದುಕೊಂಡವಳು ನಿರುದ್ಯೋಗಿ ಎಂದು ಯಾರಿಗೂ ಅನಿಸುವುದಿಲ್ಲ, ಖಾಲಿ ಇದ್ದಾಳೆ ಎಂದು ಅನಿಸುತ್ತದೆ, ಬಾಡಿಗೆಗಿರುವ ಮನೆಯ ಹಾಗೆ. ಇದನ್ನು ನಾನು ಯಾವ ಪುಸ್ತಕದಲ್ಲೂ ಓದಿದ್ದಲ್ಲ. ಅರವತ್ತರ ದಶಕ ಮುಗಿಯುತ್ತ ಬಂದಿದ್ದಾಗ, ಮಹಾರಾಷ್ಟ್ರದ ಗಡಿಯ ಜತ್ತ ತಾಲೂಕಿನ ಬಿಸಿಲಿನಲ್ಲಿ, ಮುಂಬಯಿಯ ಹೀಲ್ಡ್ ಚಪ್ಪಲಿ ಹಾಕಿಕೊಂಡು ಅಲೆದು ಕಲಿತದ್ದು.

ಆಗ ನನಗೆ ಇಪ್ಪತ್ತೇಳು. ಐದು ವರ್ಷ ಒಂದು ವಿಮಾನ ಕಂಪನಿಯಲ್ಲಿ ಏರ್‌ಹೋಸ್ಟೆಸ್ ಆಗಿದ್ದೆ. ಡಫಳಾಪುರದಂಥ ಹಳ್ಳಿಯ ಹುಡುಗಿ ಏರ್‌ಹೋಸ್ಟೆಸ್ ಆದದ್ದು ಹೇಗೆ ಎಂದು ಕೇಳುವವರಿಗೆ ಉತ್ತರ ನಮ್ಮಪ್ಪ. ರೈಲ್ವೆ ಗಾರ್ಡ್ ಆಗಿದ್ದ ಆತ ನನ್ನನ್ನು ಆರನೇ ವಯಸ್ಸಿಗೇ ಬೆಳಗಾವಿಯ ಒಂದು ಕಾನ್ವೆಂಟ್ ಬೋರ್ಡಿಂಗಿಗೆ ಹಾಕಿದ. ಸಿಸ್ಟರುಗಳು ನನಗೆ ಇಂಗ್ಲಿಷು ಕಲಿಸಿದರು, ಅರ್ಧಂಬರ್ಧ ಪಿಯಾನೋ ಕಲಿಸಿದರು, ಫೋರ್ಕಿನಿಂದ ಬಟಾಣಿ ತಿನ್ನುವುದನ್ನು ಪೂರ್ತಿ ಕಲಿಸಿದರು. ನಮ್ಮ ಕಡೆಯ ರೀತಿ ರಿವಾಜು ಕಲಿಸುವುದು ಪಾಪ ಅವರ ಸಿಲಬಸ್ಸಿನಲ್ಲಿ ಇರಲಿಲ್ಲ. ಬಿ.ಎ. ಆಯಿತು, ಅಪ್ಪ ತೀರಿಕೊಂಡ, ನಾನು ಆಕಾಶಕ್ಕೆ ಏರಿದೆ.

ಇಳಿಸಿದ್ದು ಒಂದು ತೂಕದ ಯಂತ್ರ. ಕಂಪನಿಯಲ್ಲಿ ಹೋಸ್ಟೆಸ್ಸುಗಳ ತೂಕಕ್ಕೆ ಮಿತಿಯಿತ್ತು. ಕ್ಯಾಪ್ಟನ್ನರ ತೂಕಕ್ಕೆ ಇರಲಿಲ್ಲ. ಒಬ್ಬರಂತೂ ಕಾಕ್‌ಪಿಟ್ಟಿನೊಳಗೆ ಓರೆಯಾಗಿಯೇ ನುಗ್ಗಬೇಕಿತ್ತು. ರಜೆಗೆ ಊರಿಗೆ ಬಂದು ಅವ್ವನ ಶೇಂಗಾ ಹೋಳಿಗೆ ತಿಂದು ಹೋದ ನಾನು ಯಂತ್ರ ಹತ್ತಿದೆ. ನಾಲ್ಕು ಪೌಂಡ್ ಜಾಸ್ತಿ. ಎರಡು ಸಲ ವಾರ್ನಿಂಗ್ ಕೊಟ್ಟರು. ಮೂರನೆಯ ಸಲ ಟೈಪ್ ಮಾಡಿದ ಕಾಗದ ಬಂತು: ನಿಮ್ಮ ಸೇವೆಯ ಅಗತ್ಯ ಇನ್ನಿಲ್ಲ, ನಿಮ್ಮ ಭವಿಷ್ಯ ಉಜ್ವಲವಾಗಲಿ. ಹೌ ಪೋಲೈಟ್!

ಅವ್ವನಿಗೆ ಇದನ್ನು ತಿಳಿಸಿ ಹೇಳುವುದು ದೊಡ್ಡ ಕಷ್ಟವಾಯಿತು. "ಮೈ ತುಂಬ್ಕೊಂಡಿದ್ದಕ್ಕ ಬಿಡಿಸಿದ್ರಾ?" ಎಂದು ಆಕೆ ಮೂರು ಸಲ ಕೇಳಿದಳು. "ಅಲ್ಲವಾ, ನಿಮ್ಮ ಕಾಕಾನ ಕುರಿ ತೂಕಾ ಏರಿದ್ರ ಊರ ಮಂದಿ ನೋಡಾಕ ಬರ್ತಾರ. ಆ ವಿಮಾನದಾವ್ರಿಗೆ ಏನ ಬ್ಯಾನಿ ಬಂದೈತಿ?"

ಕಾಕಾ ಅಂದರೆ ಅಪ್ಪನ ತಮ್ಮ, ಈಗ ಮನೆಯ ಯಜಮಾನ. ಒಳ್ಳೆಯ ಮನುಷ್ಯ. ಅದೇ ತೊಂದರೆ, ಕೆಟ್ಟವನಾಗಿದ್ದರೆ ಜಗಳವಾಡಬಹುದಿತ್ತು. ಆತ ಆಗಲೇ ಯಳವಿಯಲ್ಲಿ ಒಬ್ಬ ವರನನ್ನು ನೋಡಿಟ್ಟಿದ್ದ. 'ಹುಡುಗ'ನಿಗೆ ನಲವತ್ತೊಂದು ವರ್ಷ, ಮೊದಲ ಹೆಂಡತಿ ತೀರಿಕೊಂಡಿದ್ದಳು, ಹಿಟ್ಟಿನ ಗಿರಣಿ ಇತ್ತು. ನನ್ನ ವಯಸ್ಸು, ಮೊಂಡುತನ ಎರಡೂ ಆತನಿಗೆ ನಡೆಯುತ್ತಿದ್ದವಂತೆ, ಯಾಕೆಂದರೆ ಗಿರಣಿಯ ಇಂಜಿನ್ನಿನ ಜೊತೆ ಬಂದ ಪುಸ್ತಕ ಇಂಗ್ಲಿಷಿನಲ್ಲಿತ್ತು, ಅದನ್ನು ಓದುವವರು ಬೇಕಾಗಿತ್ತು.

"ಕಾಕಾ, ನಾ ನೌಕರಿ ಹುಡುಕ್ತೀನಿ," ಎಂದೆ.

"ಹುಡುಕವಾ. ಬ್ಯಾಡ ಅಂದೀನೇನು? ದೀಪಾವಳಿ ಮಟಾ ಹುಡುಕು. ಸಿಕ್ರ ಚಲೋ ಆತು. ಸಿಗಲಿಲ್ಲಂದ್ರ ಪಾಡ್ಯದ ದಿನ ಯಳವಿಯಾವ್ರಿಗೆ ಹೂಂ ಅಂತೀನಿ. ಕಬೂಲ?"

"ಕಬೂಲ," ಎಂದೆ ಗತ್ತಿನಿಂದ. ಕೈಯಲ್ಲಿ ಒಂದೂವರೆ ತಿಂಗಳಿತ್ತು.

ಮೊದಲು ಹೋದದ್ದು ಜತ್ತದ ಬಸ್ ಸ್ಟ್ಯಾಂಡಿಗೆ. ಆ ದಿನಗಳಲ್ಲಿ ಹೆಂಗಸರು ಕಂಡಕ್ಟರ್ ಆಗುತ್ತಿರಲಿಲ್ಲ, ಆದರೆ ವಿಚಾರ ಮಾಡಿದರೆ ನನಗಿಂತ ತಕ್ಕವಳು ಯಾರು? ಅಲುಗಾಡುವ ವಾಹನದಲ್ಲಿ ನಿಂತು ನಗುನಗುತ್ತ ಮಂದಿಯನ್ನು ಸಂಭಾಳಿಸುವುದೇ ನನ್ನ ಟ್ರೇನಿಂಗ್. ಕಂಟ್ರೋಲರರಿಗೆ ಇದನ್ನೆಲ್ಲ ವಿವರಿಸಿದೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, "ಖರೇನ್ರಿ. ಆದ್ರ ನಿಮ್ಮ ವಿಮಾನದಾಗ ಮಂದಿ ಟಾಪಿನ ಮ್ಯಾಲೆ ಕುಂದರ್ತಿದ್ರೇನ್ರಿ? ಆಡು ಹಿಡ್ಕೊಂಡು ಹತ್ತತಿದ್ರೇನ್ರಿ?" ಎಂದರು. ನನ್ನ ಅನುಭವದಲ್ಲಿ ಕೊರತೆಯಿದೆ ಎಂದು ಒಪ್ಪಿಕೊಂಡು ಬಂದೆ.

ಆಮೇಲೆ ಒಂದು ಹಳ್ಳಿಯ ಹೈಸ್ಕೂಲಿಗೆ ಇಂಗ್ಲಿಷ್ ಕಲಿಸುವವರು ಬೇಕೆಂದು ಗೊತ್ತಾಯಿತು. ಹಳ್ಳಿಯ ಹೆಸರು ಹೇಳುವುದಿಲ್ಲ, ಸಾಲೆ ಕಮಿಟಿಯ ಚೇರ್‌ಮನ್ನರ ಮೊಮ್ಮಕ್ಕಳು ಈಗ ಓದಲು ಕಲಿತಿದ್ದಾರೆ. ಸಾಲೆಯ ಆಫೀಸಿನಲ್ಲಿ ಎರಡೇ ಕುರ್ಚಿ ಇದ್ದದ್ದರಿಂದ ಇಂಟರ್‌ವ್ಯೂ ಚೇರ್‌ಮನ್ನರ ವಾಡೆಯ ಪಡಸಾಲೆಯಲ್ಲಿ ನಡೆಯಿತು. ಚೇರ್‌ಮನ್ನರು ಲೋಡಿಗೆ ಒರಗಿ ಕುಳಿತಿದ್ದರು. ಪಕ್ಕದಲ್ಲಿ ಕಮಿಟಿಯ ಇಬ್ಬರು ಹಿರಿಯರು, ಮೂಲೆಯಲ್ಲಿ ಸಣಕಲು ಹೆಡ್‌ಮಾಸ್ತರು. ಹೆಡ್‌ಮಾಸ್ತರು ನನ್ನ ಅರ್ಜಿಯನ್ನು ಗೌರವದಿಂದ ಹಿಡಿದುಕೊಂಡು, "ಗ್ರಾಮರ್ ಬಗ್ಗೆ ನಿಮ್ಮ ಅಭಿಪ್ರಾಯ..." ಎಂದು ಶುರು ಮಾಡಿದ್ದರು. ಅಷ್ಟರಲ್ಲಿ ಚಹ ಬಂತು.

ಬಂತು ಎಂದರೆ ಪಡಸಾಲೆಯವರೆಗೆ ಬರಲಿಲ್ಲ. ಮನೆಯ ಸೊಸೆ ಪರಗಂಡಸರ ಮುಂದೆ ಬರುವ ಹಾಗಿರಲಿಲ್ಲ, ಹೊಸ್ತಿಲ ಆಚೆ ಸೆರಗು ಹೊತ್ತು ಟ್ರೇ ಹಿಡಿದು ನಿಂತಳು. ಐದು ಕಪ್ಪು, ಬಿಸಿಬಿಸಿ ಹಬೆ. ನನಗೆ ಏನಾಯಿತೋ! ಐದು ವರ್ಷದ ಅಭ್ಯಾಸ ನೋಡಿ, ಬುದ್ಧಿ ಎದ್ದೇಳುವ ಮೊದಲು ಕಾಲು ಎದ್ದಿತು. ಟ್ರೇ ಇಸಿದುಕೊಂಡು, ಹಿರಿಯರಿಂದ ಶುರು ಮಾಡಿ, ಕಪ್ಪಿನ ಹಿಡಿ ಅವರ ಬಲಗೈಗೆ ಬರುವ ಹಾಗೆ ತಿರುಗಿಸಿ, ಕಂಪನಿಯ ನಗು ನಕ್ಕು, "ಟೀ, ಸರ್?" ಎಂದು ಎಲ್ಲರಿಗೂ ಕೊಟ್ಟೆ. ಒಂದು ಹನಿ ಚೆಲ್ಲಲಿಲ್ಲ.

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಳಗೆ ಬಳೆ ಸದ್ದಾಯಿತು. ಅಲ್ಲಿಂದ ಇಂಟರ್‌ವ್ಯೂ ದಿಕ್ಕು ಬದಲಿಸಿತು, ಆದರೆ ನನಗೆ ತಿಳಿಯಲಿಲ್ಲ. ತಿಳಿಯದಿದ್ದಕ್ಕೆ ಕಾರಣವಿದೆ.

"ತಂಗಿ, ಸ್ವಲ್ಪ ಆ ಕಂಬದ ತನಕಾ ನಡದ ತೋರ್ಸು," ಎಂದರು ಚೇರ್‌ಮನ್ನರು. ನಡೆದು ತೋರಿಸಿದೆ. ಕಂಪನಿಯ ಇಂಟರ್‌ವ್ಯೂನಲ್ಲೂ ನಡೆಸಿದ್ದರಲ್ಲ! ಎತ್ತರ ಕೇಳಿದರು, ಕಂಪನಿಯೂ ಕೇಳಿತ್ತು. "ನಗವಾ ಒಂದೀಟು," ಎಂದು ಒಬ್ಬ ಹಿರಿಯರು ಹಲ್ಲು ನೋಡಿದರು. ಕಂಪನಿಯ ಡಾಕ್ಟರ್ ಟಾರ್ಚ್ ಹಾಕಿ ನೋಡಿದ್ದ. ಹಾಡಲು ಬರುತ್ತದೆಯೇ ಎಂದರು. ಇದು ಹೊಸದು, ಆದರೆ ಸಾಲೆಯ ಪ್ರಾರ್ಥನೆಗಿರಬೇಕು ಎಂದುಕೊಂಡು ಕಾನ್ವೆಂಟಿನ ಯೇಸುವಿನ ಹಾಡೊಂದರ ಎರಡು ಚರಣ ಹಾಡಿದೆ. ರೊಟ್ಟಿ ಬಡಿಯಲು ಬರುತ್ತದೆಯೇ ಎಂದಾಗ ಮಾತ್ರ ಸ್ವಲ್ಪ ಸಂಶಯವಾಯಿತು. ಬೋರ್ಡಿಂಗ್ ಹುಡುಗರ ಊಟದ ಮೇಲ್ವಿಚಾರಣೆಯೂ ಇರಬಹುದು ಎಂದು "ಕಲೀತೀನ್ರಿ" ಎಂದೆ. ಎಲ್ಲರಿಗೂ ಸಂತೋಷವಾಯಿತು. ಹೆಡ್‌ಮಾಸ್ತರು ಮಾತ್ರ ನನ್ನ ಅರ್ಜಿಯನ್ನು ಮಡಚಿ, ಬಿಚ್ಚಿ, ಮತ್ತೆ ಮಡಚುತ್ತಿದ್ದರು. ಕೊನೆಗೆ ಚೇರ್‌ಮನ್ನರ ಹೆಂಡತಿ ಹೊರಗೆ ಬಂದು ಕುಂಕುಮ ಹಚ್ಚಿ, ನನ್ನ ಸೆರಗಿಗೆ ಕುಪ್ಪಸದ ಖಣ, ತೆಂಗಿನಕಾಯಿ, ಸಕ್ಕರೆ ಹಾಕಿದರು. ಎಂಥ ಕಲ್ಚರ್ಡ್ ಜನ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಣ್ಣು ಒದ್ದೆ ಮಾಡಿಕೊಂಡೆ.

"ಅವ್ವಾ, ನೌಕರಿ ಸಿಕ್ತು!" ಎಂದು ಸೆರಗು ಬಿಚ್ಚಿದೆ. ಅವ್ವ ಖಣ ನೋಡಿದಳು, ಕಾಯಿ ನೋಡಿದಳು, ಹಣೆ ನೋಡಿದಳು. "ಹುಚ್ಚಿ," ಎಂದಳು ಮೆಲ್ಲಗೆ, "ನಿನಗ ಉಡಿ ತುಂಬ್ಯಾರ. ಇದು ನೌಕರಿ ಅಲ್ಲ, ಕನ್ಯಾ ಪಸಂತ ಆಗೇತಿ."

ಮರುದಿನವೇ ವಾಡೆಯ ಆಳು ಚೀಟಿ ತಂದ. ಚೇರ್‌ಮನ್ನರ ತಂಗಿಯ ಮಗ, ಮೂವತ್ತು ವರ್ಷದ ವಸಂತನಿಗೆ ಹುಡುಗಿ ಒಪ್ಪಿಗೆ. ನೌಕರಿಯ ವಿಷಯ ಹೇಳುವುದಾದರೆ, ಅದನ್ನೂ ವಸಂತನಿಗೇ ಕೊಡುವುದೆಂದು ನಿಶ್ಚಯವಾಗಿದೆ. ಹೇಗೂ ಒಂದೇ ಮನೆಗೆ ಬಂದಂತಾಯಿತು. ಕಾಕಾ ಚೀಟಿಯನ್ನು ಎರಡು ಸಲ ಓದಿಸಿಕೊಂಡು, "ಯಳವಿಯಾಂವನ್ಕಿಂತ ಹನ್ನೊಂದ ವರ್ಷ ಸಣ್ಣಾಂವ! ನೀ ಹುಡುಕಿದ್ದ ಚಲೋ ಆತ ನೋಡು," ಎಂದು ನನ್ನ ಬೆನ್ನು ತಟ್ಟಿದ.

ನನಗೆ ಸಿಟ್ಟು ಬಂದರೆ ಇಂಗ್ಲಿಷು ಬರುತ್ತದೆ. ಏನೇನು ಅಂದೆನೋ ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ, ಅದೊಂದು ಪುಣ್ಯ. ಮೊದಲ ಬಸ್ಸಿಗೇ ಖಣ, ಕಾಯಿ ಹಿಡಿದುಕೊಂಡು ವಾಡೆಗೆ ಹೋದೆ. ಪಡಸಾಲೆಯಲ್ಲಿ ಚೇರ್‌ಮನ್ನರು, ಹೆಡ್‌ಮಾಸ್ತರು, ಮತ್ತು ಇಸ್ತ್ರಿ ಮಾಡಿದ ಅಂಗಿಯಲ್ಲಿ ಎತ್ತರದ ಒಬ್ಬ ಯುವಕ. ಅವನೇ ವಸಂತ. ಪಾಪ, ನನ್ನನ್ನು ಕಂಡ ಕೂಡಲೇ ಎದ್ದು ನಿಂತ.

"ಏನವ್ವಾ, ಒಬ್ಬಾಕಿನ ಬಂದಿ?" ಎಂದರು ಚೇರ್‌ಮನ್ನರು.

"ಹುಡುಗನ್ನ ನೋಡಾಕ ಬಂದೀನ್ರಿ. ನೀವು ನನ್ನ ನೋಡಿದ್ರಿ. ನಾ ನೋಡೂದು ಬ್ಯಾಡೇನು?" ಎಂದೆ. ವಿಮಾನ ಕುಲುಕುವಾಗ ಮುಖ ಹೇಗಿಟ್ಟುಕೊಳ್ಳಬೇಕೆಂದು ನನಗೆ ಕಲಿಸಿದ್ದರು. "ನಡದ ತೋರ್ಸ್ರಿ," ಎಂದೆ ವಸಂತನಿಗೆ. ಆತ ಮಾಮಾನ ಕಡೆ ನೋಡಿದ. ಒಳಗಿನಿಂದ ಚೇರ್‌ಮನ್ನರ ಹೆಂಡತಿಯ ದನಿ ಬಂತು: "ನಡಿಯಪಾ, ಕಾಲೇನ ಸವಿತಾವ?" ವಸಂತ ಕಂಬದ ತನಕ ನಡೆದು ಬಂದ. ರೊಟ್ಟಿ ಬಡಿಯಲು ಬರುತ್ತದೆಯೇ ಎಂದು ಕೇಳಿದೆ. "ಇಲ್ರಿ, ಚಾ ಕಾಸಾಕ ಬರ್ತೈತ್ರಿ," ಎಂದ. ಬಾಗಿಲ ಹಿಂದೆ ಯಾರೋ ಬಾಯಿಗೆ ಸೆರಗು ತುರುಕಿಕೊಂಡು ನಕ್ಕರು. ಆಮೇಲೆ ಹೆಡ್‌ಮಾಸ್ತರ ಕೈಯಲ್ಲಿದ್ದ ಒಂಬತ್ತನೇ ಇಯತ್ತೆಯ ಇಂಗ್ಲಿಷ್ ಪುಸ್ತಕ ತೆಗೆದುಕೊಂಡು ಅವನ ಕೈಗೆ ಕೊಟ್ಟು, "ಇದರಾಗಿನ ಒಂದ ಪುಟ ಓದ್ರಿ," ಎಂದೆ.

ವಸಂತ ಪುಸ್ತಕ ನೋಡಿದ, ನನ್ನನ್ನು ನೋಡಿದ, ಕೊನೆಗೆ ಪುಸ್ತಕ ಮುಚ್ಚಿದ. "ಮಾಮಾ, ನಾ ಮೊದಲ ಹೇಳಿದ್ದೆ. ನನ್ನ ಬಿ.ಎ. ಮರಾಠಿಯೊಳಗ ಆಗೇತಿ. ಇದು ನನಗ ನೀಗಂಗಿಲ್ಲ."

ಆಗ ಆ ಸಣಕಲು ಹೆಡ್‌ಮಾಸ್ತರು ಜನ್ಮದಲ್ಲಿ ಮೊದಲ ಸಲ ಇರಬೇಕು, ಚೇರ್‌ಮನ್ನರ ಮುಂದೆ ದನಿ ಎತ್ತಿದರು. "ಸಾಹೇಬ್ರ, ದೀಪಾವಳಿ ಸೂಟಿ ಮುಗದ ಕೂಡ್ಲೆ ಇನ್‌ಸ್ಪೆಕ್ಟರ್ ಬರ್ತಾರ. ಮೊದಲ ಸಾಲಿಗೆ ಇಂಗ್ಲೀಷ್ ಬಾಯಾರ್ನ ಕೊಡ್ರಿ. ಮನಿಗೆ ಸೊಸಿನ್ನ ಆಮ್ಯಾಲೆ ಹುಡುಕೂಣು."

ಚೇರ್‌ಮನ್ನರು ಮೀಸೆ ತಿರುವಿ ಒಳಬಾಗಿಲ ಕಡೆ ನೋಡಿದರು. ಅವರ ಹೆಂಡತಿ ಹೊರಗೆ ಬಂದು ನನ್ನ ಕೈಯಿಂದ ತೆಂಗಿನಕಾಯಿ ಇಸಿದುಕೊಂಡರು, ಖಣ ಮಾತ್ರ ತಿರುಗಿ ಕೊಟ್ಟು, "ಇರ್ಲಿ ಬಾಯಾರ, ಸಾಲಿಗೆ ಹೊಲಿಸ್ಕೊಂಡ ಬರ್ರಿ," ಎಂದರು. ಬಾಯಾರ ಎಂದರೆ ನಮ್ಮ ಕಡೆ ಸಾಲೆಯ ಟೀಚರು, ಅದೇ ನನ್ನ ಅಪಾಯಿಂಟ್‌ಮೆಂಟ್ ಆರ್ಡರ್. ಕಾಗದದ್ದು ಎರಡು ವಾರದ ಮೇಲೆ ಬಂತು.

ಹೀಗೆ ಇಡೀ ತಾಲೂಕಿನ ಮೇಲೆ ಜಗಳ ತೆಗೆದು ಸಂಪಾದಿಸಿದ ನೌಕರಿ. ಒಂಬತ್ತನೇ ಇಯತ್ತೆಯಲ್ಲಿ ಐವತ್ತೆಂಟು ಹುಡುಗರು, ಮೇಲೆ ಕಾದ ತಗಡು. ನಾನು "ಸಿಟ್ ಡೌನ್" ಎಂದರೆ ಐವತ್ತೆಂಟೂ ಜನ ನಿಂತುಕೊಂಡೇ "ಸಿಟ್ ಡೌನ್" ಎಂದು ಕೂಗುತ್ತಿದ್ದರು. ಮೂರನೆಯ ದಿನಕ್ಕೆ ಗಂಟಲು ಬಿದ್ದುಹೋಯಿತು, ಕಾಲು ಬಾತುಕೊಂಡಿತು. ಮನೆಗೆ ಬಂದು ಜಗಲಿಯ ಮೇಲೆ ಕುಳಿತು, ಗಿರಣಿಯ ಮನೆಯಲ್ಲಿ ನೆರಳಾದರೂ ಇರುತ್ತಿತ್ತೇನೋ ಎಂದು ಒಂದು ಗಳಿಗೆ ಯೋಚಿಸಿದ್ದು ನಿಜ. ಅದೇ ಹೊತ್ತಿಗೆ ಕಾಕಾ ಬಂದು ಎದುರು ಕುಳಿತ.

"ಹ್ಯಾಂಗ ಐತೆವಾ ನೌಕರಿ?"

"ಭಾಳ ಚಲೋ ಐತ್ರಿ ಕಾಕಾ," ಎಂದೆ, ಇದ್ದಷ್ಟು ದನಿಯಲ್ಲಿ.

ಹಾಗೆ ಹೇಳಿಬಿಟ್ಟ ಮೇಲೆ ಬಿಡುವುದು ಹೇಗೆ? ರಿಟೈರ್ ಆಗುವವರೆಗೂ ಕಲಿಸಿದೆ.