ಸೀಮೆ ಇಲಿಯ ಬಾಣಂತನ

ಉರ್ವದ ಆಸ್ಯಮ್ಮ ಇಪ್ಪತ್ತೆರಡು ಬಾಣಂತನ ಮಾಡಿದವರು. ಅವರ ಕೈಯಲ್ಲಿ ಒಬ್ಬ ಬಾಣಂತಿಯೂ ಒಂದು ಸಲವೂ ಸೀನಿದ್ದಿಲ್ಲ. ಇಪ್ಪತ್ತಮೂರನೆಯದು ಸೊಸೆ ನಾಝಿಮಾಳದ್ದೆಂದು ತೀರ್ಮಾನಿಸಿಯೂ ಆಗಿತ್ತು. ಚೊಚ್ಚಲು ತಾಯಿಮನೆಯಲ್ಲಾಯಿತು, ಸರಿ. ಎರಡನೆಯದೂ ಅಲ್ಲೇ ಆಗಬೇಕೆಂದು ಯಾವ ಕಿತಾಬಿನಲ್ಲಿ ಬರೆದಿದೆ? ಆದರೆ ಸೊಸೆಯ ತಾಯಿ ಸುಹರಾ ಅತ್ತಾವರದಿಂದ ಹೇಳಿ ಕಳುಹಿಸಿದ್ದರು: "ಶುಕ್ರವಾರ ಬರ್ತೇನೆ. ಮಾತಾಡುವ."

ಆ ವಾರವೇ ಸೌದೆ ಕೊಟ್ಟಿಗೆಯಲ್ಲಿದ್ದ ಸೀಮೆ ಇಲಿ ಮೂರು ಮರಿ ಹಾಕಿತು. ಕಂಪೌಂಡರ್ ಆಗಿದ್ದ ಮಗ ಅಯ್ಯೂಬ್ ತನ್ನ ಪುಟ್ಟ ಮಗಳಿಗೆಂದು ಲ್ಯಾಬಿನ ಗೆಳೆಯನಿಂದ ತಂದ ಗಿನಿಪಿಗ್ ಅದು. ಹುಟ್ಟಿದ ದಿನವೇ ಕಣ್ಣು ಬಿಟ್ಟು ಓಡಾಡುವ ಮರಿಗಳನ್ನು ಕಂಡು ಆಸ್ಯಮ್ಮ ಬೆರಗಾದರು. ಆಮೇಲೆ ಅವರ ಗಮನವೆಲ್ಲ ತಾಯಿಯ ಕಡೆ ಹೋಯಿತು. ಅತ್ತಾವರದವರು ಕಣ್ಣಾರೆ ನೋಡಲಿ, ಆಸ್ಯಮ್ಮನ ಆರೈಕೆ ಎಂತದ್ದೆಂದು.

ಡಿಸೆಂಬರ್ ತಿಂಗಳು. ಮಂಗಳೂರಿನ ಚಳಿ ಬೆಳಿಗ್ಗೆ ಎಂಟಕ್ಕೆ ಎದ್ದು ಹೋಗುತ್ತದೆ, ನಿಜ. ಆದರೆ ಬಾಣಂತಿಯ ಚಳಿ ಗಡಿಯಾರ ನೋಡುವುದಿಲ್ಲವೆಂಬುದು ಅವರ ಸಿದ್ಧಾಂತ. ಇಲಿಯ ಗೂಡಿಗೆ ಶಾಖ ಕೊಡಲು ಹೊರಟರು.

"ಉಮ್ಮ, ಅದಕ್ಕೆ ಮೈಮೇಲೆ ದೇವರು ಕೊಟ್ಟ ಕಂಬಳಿಯೇ ಉಂಟು," ಎಂದ ಅಯ್ಯೂಬ್.

"ಬಾಣಂತಿ ಬಾಣಂತಿಯೇ. ಕಾಲು ಎರಡಾದರೆಂತ, ನಾಲ್ಕಾದರೆಂತ?"

"ಕೊಟ್ಟಿಗೆಗೆ ಬೆಂಕಿ ಬಿದ್ದೀತು."

"ನಾನೇನು ಮದುವೆಯಾಗಿ ನಿನ್ನೆ ಬಂದವಳಾ?"

ಬೆಂಕಿಯ ವಿಷಯದಲ್ಲಿ ಅವರಷ್ಟು ಎಚ್ಚರಿಕೆಯವರು ಊರಲ್ಲೇ ಇರಲಿಲ್ಲ. ಶುಕ್ರವಾರ ಬೆಳಿಗ್ಗೆ ಸೌದೆಯನ್ನೆಲ್ಲ ಹೊರಗೆ ಹಾಕಿಸಿದರು. ಒಣಹುಲ್ಲು ಗುಡಿಸಿದರು. ಬಾಗಿಲಲ್ಲಿ ಎರಡು ಕೊಡ ನೀರು, ಕಿಡಿ ಬಿದ್ದರೆ ಎರಚಲು ಒಂದು ಬುಟ್ಟಿ ಹೊಯಿಗೆ ಇಟ್ಟರು. ಕೊಟ್ಟಿಗೆಯೊಳಗೆ ಕೆಂಡವೇ ಬೇಡವೆಂದು, ಬಚ್ಚಲೊಲೆಯಲ್ಲಿ ಆರು ಹಂಚು ಕಾಯಿಸಿ, ಗೋಣಿಯಲ್ಲಿ ಸುತ್ತಿ, ಬಿಸ್ಮಿಲ್ಲಾ ಹೇಳಿ ಗೂಡಿನ ಸುತ್ತ ಜೋಡಿಸಿದರು. ಗಾಳಿ ನುಗ್ಗದಂತೆ ಸಂದುಗಳಿಗೆ ಹಳೆಬಟ್ಟೆ ತುರುಕಿದರು. ಹಂಚು ಆರಿದಂತೆಲ್ಲ ಬದಲಾಯಿಸಿದರು. ಕಿಡಿಯೊಂದನ್ನು ಬಿಟ್ಟು ಬಾಣಂತಿ ಕೋಣೆಗೆ ಬೇಕಾದದ್ದೆಲ್ಲ ಅಲ್ಲಿತ್ತು.

ಮಧ್ಯಾಹ್ನ ಸುಹರಾ ಬಂದರು. ಶರಬತ್ತಿಗೂ ಮೊದಲು ಆಸ್ಯಮ್ಮ ಅವರನ್ನು ಕೊಟ್ಟಿಗೆಗೆ ಕರೆದೊಯ್ದು, ಗತ್ತಿನಿಂದ ಬಾಗಿಲು ತೆರೆದರು.

ಬೇಕರಿ ಒಲೆಯ ಬಾಯಿ ತೆರೆದಂತಾಯಿತು. ಮೂರು ಮರಿಗಳು ಹಲಗೆಯ ಸಂದಿಗೆ ಮೂಗು ಒತ್ತಿ ನಿಂತಿದ್ದವು. ತಾಯಿ ನಾಲ್ಕೂ ಕಾಲು ಚಾಚಿ ಮಲಗಿತ್ತು. ಹೊಟ್ಟೆ ಮಾತ್ರ ಪಟಪಟನೆ ಬಡಿಯುತ್ತಿತ್ತು.

"ಸತ್ತಿತಾ?" ಎಂದಳು ಹಿಂದೆಯೇ ಬಂದಿದ್ದ ನಾಝಿಮಾ. ಒಂದು ಕೈ ತನ್ನ ಹೊಟ್ಟೆಯ ಮೇಲಿತ್ತು.

ಮುಂದೆ ಬಂದವರು ಸುಹರಾ. ಇಲಿಯನ್ನೂ ಮರಿಗಳನ್ನೂ ಬುಟ್ಟಿಗೆ ಹಾಕಿಕೊಂಡು ಬಾವಿಕಟ್ಟೆಯ ನೆರಳಿಗೆ ಒಯ್ದರು, ಒದ್ದೆ ಬಟ್ಟೆ ಹಾಸಿದರು, ಬೆರಳ ತುದಿಯಿಂದ ಬಾಯಿಗೆ ನೀರು ಮುಟ್ಟಿಸಿದರು. ಕೈಕಟ್ಟಿ ನಿಂತ ಆಸ್ಯಮ್ಮನ ಬಾಯಿಗೆ ಬಂದದ್ದು ಒಂದೇ ಪ್ರಾರ್ಥನೆ: ಯಾ ಅಲ್ಲಾಹ್, ಸೊಸೆ ಎಲ್ಲಿಗೆ ಬೇಕಾದರೂ ಹೋಗಲಿ, ಇದೊಂದು ಜೀವ ಉಳಿಯಲಿ.

ಅರ್ಧ ಗಂಟೆಯಲ್ಲಿ ಇಲಿ ತಲೆ ಎತ್ತಿತು. ಮತ್ತೆ ಹತ್ತು ನಿಮಿಷಕ್ಕೆ ಗರಿಕೆ ಕಚ್ಚಿತು.

"ನಾಝಿಮಾ, ಬಟ್ಟೆ ತುಂಬಿಸು," ಎಂದರು ಸುಹರಾ.

ನಾಝಿಮಾ ಅತ್ತೆಯ ಮುಖ ನೋಡಲಿಲ್ಲ. ಅಯ್ಯೂಬನಿಗೆ ಮಾಡಿನ ಹಂಚು ಎಣಿಸುವ ಕೆಲಸ ಬಿತ್ತು. ಮೂವತ್ತು ವರ್ಷಗಳಲ್ಲಿ ಆಸ್ಯಮ್ಮ ಬೇಡಿದ್ದು ಇಷ್ಟು ಬೇಗ, ಇಷ್ಟು ಪೂರ್ತಿಯಾಗಿ ಕೈಗೂಡಿದ್ದು ಇದೇ ಮೊದಲು.

ಜಟಕಾ ಬಂತು. ಆಸ್ಯಮ್ಮ ಧೈರ್ಯ ಮಾಡಿ ಇಲಿಯ ಬುಟ್ಟಿಯ ಹಿಡಿಗೆ ಕೈ ಹಾಕಿದರು. "ಸೊಸೆ ಹೋಗಲಿ. ಇದರದ್ದಾದರೂ ನಲವತ್ತು ದಿನ ನಾನೇ..."

ಸುಹರಾ ಮೆಲ್ಲನೆ ಅವರ ಬೆರಳುಗಳನ್ನು ಬಿಡಿಸಿದರು.

"ಬೇಡ ಮಾರಾಯ್ತಿ," ಎಂದರು. "ಇಬ್ಬರನ್ನೂ ನಾನೇ ಕರ್ಕೊಂಡು ಹೋಗ್ತೇನೆ."